ಮೊಣಕೈ ಅಗಲಿಸಿ ನಿಂತವರು

ಅವರ ಬಲ ಅಂಗೈಯ ಅಂಚು, ಕಿರುಬೆರಳಿನ ಪಕ್ಕ, ಯಾವಾಗಲೂ ಕಪ್ಪಗಿರುತ್ತಿತ್ತು. ಚಿತ್ರ ಬಿಡಿಸುವಾಗ ಹಸಿ ಶಾಯಿಯ ಮೇಲೇ ಕೈಯೂರುತ್ತಿದ್ದರು. ಅಮೆರಿಕದ ಹೋಬೋಕನ್ನಿನಲ್ಲಿ ನಮ್ಮ ಮೇಲಿನ ಮನೆಯ ಚಿತ್ರಗಾರ್ತಿ ಅವರು. ನಾನು ಕಳಿಸಿದ ಬಿಸಿಬೇಳೆಬಾತಿನ ಡಬ್ಬಿ ವಾಪಸು ಬಂದರೆ ಮುಚ್ಚಳದ ಮೇಲೂ ಆ ಕಪ್ಪು ಇರುತ್ತಿತ್ತು.

ಅವರ ತಾಯಿ ಎಳವೆಯಲ್ಲಿ ನಾಜಿಗಳ ಶಿಬಿರದಿಂದ ಬದುಕಿ ಬಂದ ಯಹೂದಿ. ಆ ಕಥೆಯನ್ನು ಮಗಳು ಗ್ರಾಫಿಕ್ ನಾವೆಲ್, ಅಂದರೆ ಚಿತ್ರಗಳಲ್ಲೇ ಸಾಗುವ ಕಾದಂಬರಿ, ಮಾಡುತ್ತಿದ್ದರು. ತಾಯಿ ಒಪ್ಪದೆ ಒಂದು ಪುಟವೂ ಅಚ್ಚಿಗೆ ಹೋಗಬಾರದೆಂಬುದು ಅವರೇ ಹಾಕಿಕೊಂಡ ನಿಯಮ. ತಾಯಿಗೆ ಆಗಲೇ ತೊಂಬತ್ತರ ಹತ್ತಿರ.

ಎದುರಿಗೆ ಯಾರಾದರೂ ನಿಲ್ಲದೆ ಅವರ ಪೆನ್ನು ಓಡುತ್ತಿರಲಿಲ್ಲ. ಶಿಬಿರದಲ್ಲಿ ಸೂಪಿಗಾಗಿ ಸಾಲುಗಟ್ಟಿದ ಚಿತ್ರಕ್ಕೆ, ತಾಯಿಯ ಜಾಗದಲ್ಲಿ, ನಮ್ಮ ಮನೆಯ ಸ್ಟೀಲ್ ಬಟ್ಟಲು ಹಿಡಿದು ನಾನು ನಿಂತೆ. ಹೇಗೆ ನಿಲ್ಲಬೇಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ತಲೆ ತಗ್ಗಿಸಿ, ಭುಜ ಇಳಿಬಿಟ್ಟು, ಬಟ್ಟಲು ಚಾಚಿದೆ. ಇಬ್ಬರಿಗೂ ಅದೇ ಸರಿಯೆನಿಸಿತು.

ತಾಯಿಯ ಪಕ್ಕದಲ್ಲಿ ತಮ್ಮನ್ನು ಮಾತ್ರ ಸದಾ ಪುಟ್ಟ ಮಗುವಾಗಿಯೇ ಬಿಡಿಸಿಕೊಳ್ಳುತ್ತಿದ್ದರು. ಏಕೆಂದು ಒಮ್ಮೆ ಕೇಳಿದೆ.

"ಅವಳು ಕಂಡಿದ್ದರ ಮುಂದೆ ನಾನು ಇಷ್ಟೇ ಎತ್ತರ" ಎಂದರು.

ಮುಗಿದ ಪುಟಗಳನ್ನು ತೋರಿಸಲು ತಾಯಿಯಿದ್ದ ಮನ್ರೋ ಊರಿಗೆ ಅವರನ್ನು ನಾನೇ ಡ್ರೈವ್ ಮಾಡಿಕೊಂಡು ಕರೆದೊಯ್ದೆ. ತಾಯಿ ಕನ್ನಡಕ ಒರೆಸಿ ಒಂದೊಂದೇ ಪುಟ ನೋಡುತ್ತ ಬಂದರು. ಸೂಪಿನ ಪುಟದಲ್ಲಿ ಕೈ ನಿಂತಿತು.

"ಯಾರಿವಳು?"

"ನೀನೇ ಅಮ್ಮ."

"ಹಿಂಗೆ ನಿಂತಿದ್ರೆ ನಂಗೆ ಸೂಪು ಸಿಗ್ತಿರಲಿಲ್ಲ. ನೀನೂ ಹುಟ್ತಿರಲಿಲ್ಲ."

ಮಗಳ ಮುಖ ಬಿಳಿಚಿಕೊಂಡಿತು. ವರ್ಷಗಳ ಕೆಲಸ ಅಲ್ಲಿಗೆ ಮುಗಿಯಿತೆಂದುಕೊಂಡೆ. ತಾಯಿ ಮಾತ್ರ ಕುರ್ಚಿಯ ಕೈ ಹಿಡಿದು ಎದ್ದರು. ಮೇಜಿನ ಮೇಲಿದ್ದ ಬಟ್ಟಲಿನಿಂದ ಹಣ್ಣು ತೆಗೆದಿಟ್ಟು, ಖಾಲಿ ಬಟ್ಟಲನ್ನು ಎದೆಗೊತ್ತಿಕೊಂಡರು. ಮೊಣಕೈ ಎರಡೂ ಅಗಲಿಸಿ, ಗದ್ದ ಎತ್ತಿ ನಿಂತರು.

"ತಳ್ಳು ನೋಡೋಣ" ಎಂದರು ನನಗೆ.

ಅಂಜುತ್ತ ತಳ್ಳಿದೆ. ಅವರು ಅಲುಗಲಿಲ್ಲ.

"ಹಿಂಗೆ ಬರಿ" ಎಂದರು ಮಗಳಿಗೆ. "ಮತ್ತೆ ಈ ಪುಟಾಣಿ ಯಾರು, ನೀನಾ? ಅರವತ್ತಾಯ್ತಲ್ಲೇ ನಿಂಗೆ. ಇನ್ನಾದ್ರೂ ಬೆಳಿ."

ಮೇಲಿನ ಮನೆಯಾಕೆ ಅಳುತ್ತಲೇ ನಕ್ಕರು. ಅಲ್ಲೇ ಕೂತು ಬಿಡಿಸತೊಡಗಿದರು.

ಪುಸ್ತಕ ಬಂತು. ಲೈಬ್ರರಿಯ ಸಭೆಯಲ್ಲಿ ತಾಯಿ ಮೊದಲ ಸಾಲಿನಲ್ಲಿ ಕೂತು, ಪುಸ್ತಕದಲ್ಲಿನ ತಮ್ಮ ಮಾತುಗಳನ್ನೆಲ್ಲ ತಾವೇ ಗಟ್ಟಿಯಾಗಿ ಓದಿದರು. ಜನ ಎದ್ದು ನಿಂತರು.

ತಾಯಿಯ ಹಿಂದೆಯೇ ಮಗಳೂ ತೀರಿಕೊಂಡರು. ನನ್ನ ಪ್ರತಿಯ ಕೊನೆಯ ಪುಟದಲ್ಲಿ, ಅವರ ಸಹಿಯ ಕೆಳಗೆ, ಅಂಗೈ ಅಂಚಿನ ಕಪ್ಪು ಗುರುತಿದೆ. ಮೇಲಿನ ಚಿತ್ರದಲ್ಲಿ ಇಬ್ಬರು ಹೆಂಗಸರು ಮೊಣಕೈಗೆ ಮೊಣಕೈ ತಾಗಿಸಿ ನಿಂತಿದ್ದಾರೆ. ಇಬ್ಬರದೂ ಒಂದೇ ಎತ್ತರ.