ತಿಪ್ಪಿಯ ತಾಯಿ ಸುಂದರಮ್ಮ

ಮಂಡಿ ಮೊಹಲ್ಲಾದ ಸಗಟು ಅಂಗಡಿಯೊಂದರ ಹಿಂದಿನ ಶೆಡ್ಡಿನಲ್ಲಿ ಕೂತು ಹರಿದ ಗೋಣಿಚೀಲಗಳಿಗೆ ತೇಪೆ ಹಾಕುವ ಹೆಂಗಸರಲ್ಲಿ ಸುಂದರಮ್ಮನೇ ಹಿರಿಯಳು. ದಬ್ಬಳ ಹಿಡಿದ ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ಆ ಶೆಡ್ಡಿಗೆ ಯಾರಾದರೂ ಕೂಸು ಎತ್ತಿಕೊಂಡು ಬಂದರೆ ಸಾಕು, ಬೈಗುಳ ಶುರು. "ಥೂ, ಕರಿ ಕೋತಿ!" ಎನ್ನುವವಳು ಸುಂದರಮ್ಮ. "ಕಾಲಾ ಬಂದರ್" ಎಂದು ಗಲ್ಲ ಹಿಂಡುವವಳು ಜುಬೇದಾ. ತಮಿಳಿನ ಪಳನಿಯಮ್ಮ ಇನ್ನೂ ಒಂದು ಹೆಜ್ಜೆ ಮುಂದೆ. ಕುಪ್ಪೆ ಎಂದರೆ ಅವಳ ಮಾತಿನಲ್ಲಿ ಕಸ; ಮಗನಿಗೆ ಕುಪ್ಪುಸಾಮಿ ಎಂದೇ ಹೆಸರಿಟ್ಟಿದ್ದಳು. ಭಾಷೆ ಬೇರೆಯಾದರೂ ಭಯ ಒಂದೇ. ಕೂಸು ಚೆಂದ ಎಂದು ಯಾರ ಬಾಯಲ್ಲೂ ಬರಬಾರದು, ಕಣ್ಣು ತಾಗಬಾರದು.

ಸುಂದರಮ್ಮನಿಗೆ ಇದು ಬರೀ ಚಾಳಿಯಾಗಿರಲಿಲ್ಲ. ಅವಳ ಚೊಚ್ಚಲ ಗಂಡುಕೂಸನ್ನು ಬೀದಿಗೆ ಬೀದಿಯೇ ಹೊಗಳಿತ್ತು. ಅವಳೂ ಬಾಯ್ತುಂಬ ಹೊಗಳಿದ್ದಳು. ಅದು ಉಳಿಯಲಿಲ್ಲ. ಎರಡನೆಯದೂ ಹಾಗೇ ಹೋಯಿತು. ಮೂರನೆಯದು ಹುಟ್ಟಿದಾಗ ಅವಳ ಅತ್ತೆ ಅದನ್ನು ಮೊರದಲ್ಲಿಟ್ಟುಕೊಂಡು ಹೋಗಿ ತಿಪ್ಪೆಯ ಮೇಲೆ ಮಲಗಿಸಿ, "ಯಾರೋ ಬಿಸಾಕ್ಬುಟ್ಟು ಹೋಗವ್ರೆ" ಎಂದು ಮತ್ತೆ ಎತ್ತಿ ತಂದಳು. ಯಾರಿಗೂ ಬೇಡವಾದ ಕೂಸು ಸಾವಿಗೂ ಬೇಡವಾಗಲಿ ಎಂದು. ಅದು ಬದುಕಿತು. ಶಾಲೆಯಲ್ಲಿ ಚಾಮುಂಡೇಶ್ವರಿ, ಮನೆಯಲ್ಲಿ ತಿಪ್ಪಿ. ಹೈಸ್ಕೂಲು ಸೇರಿದ ಮೇಲೆ ಮಗಳು ಆ ಹೆಸರಿಗೆ ಅತ್ತು ರಂಪ ಮಾಡಿದ್ದರಿಂದ ಸುಂದರಮ್ಮ ಬೀದಿಯಲ್ಲಿ ಕರೆಯುವುದನ್ನು ಬಿಟ್ಟಳು. ಮನೆಯೊಳಗೆ ಮಾತ್ರ ಬಿಡಲಿಲ್ಲ.

ಚಾಮುಂಡೇಶ್ವರಿ ಓದಿದಳು, ವಿದ್ಯಾರಣ್ಯಪುರದ ಶಿವಶಂಕರನ ಕೈಹಿಡಿದಳು, ಹೆಣ್ಣುಮಗು ಹೆತ್ತಳು. ಹೊಟ್ಟೆ ಕೊಯ್ದು ತೆಗೆದ ಹೆರಿಗೆ. ಹೊಲಿಗೆ ಮಾಗುವವರೆಗೆ ಗಂಡನ ಮನೆಯಲ್ಲೇ ಇರಲಿ, ನಾಮಕರಣ ಮುಗಿಸಿಕೊಂಡು ತಾಯಿಮನೆಗೆ ಬಾಣಂತನಕ್ಕೆ ಹೋಗಲಿ ಎಂದು ಮಾತಾಯಿತು. ಸುಂದರಮ್ಮ ತನ್ನ ಒಂದು ಕೋಣೆಗೆ ಸುಣ್ಣ ಬಳಿದಳು. ಎರೆಯಲು ಹಂಡೆ ತಿಕ್ಕಿಟ್ಟಳು. ಹರಳೆಣ್ಣೆ, ಬಜೆ, ಸಾಂಬ್ರಾಣಿ ಎಲ್ಲ ತಂದಿಟ್ಟಳು. ಮೂರು ತಿಂಗಳು ಮಗಳು, ಮೊಮ್ಮಗಳು ತನ್ನ ಕಣ್ಣೆದುರಿಗೆ. ಅವಳಿಗೆ ಬೇಕಿದ್ದದ್ದು ಅಷ್ಟೇ.

ನಾಮಕರಣದ ದಿನ ಮಗುವಿನ ಕಿವಿಯಲ್ಲಿ ವರ್ಷಿಣಿ ಎಂದು ಉಸುರಿ, ಅಜ್ಜಿಯ ತೊಡೆಗೆ ಕೊಟ್ಟರು. ಸುಂದರಮ್ಮ ನೋಡಿದಳು. ಎದೆ ತುಂಬಿ ಬಂತು.

"ಥೂ, ಕರಿ ಕೋತಿ! ಯಾವ್ ತಿಪ್ಪೇಲಿ ಬಿದ್ದಿದ್ಯೇ, ದರಿದ್ರ ಮುಂಡೇದೆ?"

ನೆಂಟರೆಲ್ಲ ತಿರುಗಿ ನೋಡಿದರು.

"ಏನ್ರೀ ಇದು ಬೀಗ್ತಿಯವ್ರೇ?" ಎಂದಳು ಶಿವಶಂಕರನ ತಾಯಿ ಮಂಜುಳಮ್ಮ. "ಲಕ್ಷ್ಮಿ ಹಂಗಿರೋ ಮಗೂನ, ಹೆಸರಿಟ್ಟ ದಿನಾನೇ ದರಿದ್ರ ಅಂತೀರಲ್ಲ!"

"ದೃಷ್ಟಿ ಆಗ್ಬಾರ್ದು ಅಂತ ಕಣವ್ವ. ನಮ್ಮಲ್ಲಿ ಅಂಗೇ ಅನ್ನೋದು."

"ನಮ್ಮಲ್ಲಿ ಅನ್ನಲ್ಲ."

"ಮಂಡಿ ಮಾತು ತೊಟ್ಲವರ್ಗೂ ಬಂತು ನೋಡಿ," ಎಂದು ಯಾರೋ ನಕ್ಕರು.

ಸುಂದರಮ್ಮ ಮಗಳ ಕಡೆ ನೋಡಿದಳು. ಹಿಂದಿನದೆಲ್ಲ ಗೊತ್ತಿದ್ದವಳು ಅವಳೊಬ್ಬಳೇ. ಚಾಮುಂಡೇಶ್ವರಿ ತೊಟ್ಟಿಲ ಬಟ್ಟೆಯ ಸುಕ್ಕು ಸರಿಮಾಡುತ್ತಾ ಹೇಳಿದಳು: "ಅಮ್ಮಂಗೆ ಎಲ್ಲಿ ಏನ್ ಮಾತಾಡ್ಬೇಕು ಅಂತ ತಿಳಿಯಲ್ಲ ಅತ್ತೆ. ಮನ್ಸಿಗೆ ಹಚ್ಕೋಬೇಡಿ."

"ಅದ್ಸರಿ. ಮೂರ್ ತಿಂಗ್ಳು ಅಲ್ಲಿದ್ರೆ ಮಗು ಕಿವೀಗೆ ಇದೇ ತಾನೆ ಬೀಳೋದು?" ಮಂಜುಳಮ್ಮ ಕುರ್ಚಿ ಎಳೆದುಕೊಂಡು ಎದುರಿಗೇ ಕೂತಳು. "ಆಡಿದ್ ಮಾತು ವಾಪಸ್ ತಗೊಳ್ಳಿ. ಎಲ್ರ ಮುಂದೆ ಒಂದ್ಸಲ ಅಂದ್ಬಿಡಿ, ನನ್ ಮೊಮ್ಮಗ್ಳು ಚಿನ್ನದ ಗೊಂಬೆ ಅಂತ. ಆಮೇಲೆ ಸಂತೋಷವಾಗಿ ಕರ್ಕೊಂಡ್ ಹೋಗಿ."

ಸುಂದರಮ್ಮ ಮಗುವಿನ ಮುಖ ನೋಡಿದಳು. ಚಿನ್ನದ ಗೊಂಬೆಯೇ. ಮಾತು ನಾಲಿಗೆಯ ತುದಿಗೆ ಬಂತು. ಚೊಚ್ಚಲ ಕೂಸಿಗೂ ತಾನು ಹೀಗೇ ಅಂದಿದ್ದು ನೆನಪಾಗಿ ಹಲ್ಲು ಕಚ್ಚಿದಳು. ಎಲ್ಲರೂ ಕಾಯುತ್ತಿದ್ದರು. ಅವಳು ಎದ್ದು ಮಗುವನ್ನು ಮಂಜುಳಮ್ಮನ ತೊಡೆಯ ಮೇಲಿಟ್ಟಳು.

"ನಿಮ್ಮತ್ರಾನೇ ಇರ್ಲಿ ಬುಡಿ."

"ನೋಡಿದ್ರಾ? ಸ್ವಂತ ಮೊಮ್ಮಗ್ಳಿಗೆ ಒಂದ್ ಒಳ್ಳೆ ಮಾತಾಡೋಕೆ ಬಾಯಿ ಬರಲ್ಲ!"

ಗೇಟಿನ ಹತ್ತಿರ ಮಗಳು ಹೊಟ್ಟೆ ಹಿಡಿದುಕೊಂಡು ಹಿಂದೆಯೇ ಬಂದಳು.

"ಅಮ್ಮಾ, ನಂಗ್ ಗೊತ್ತು ಕಣಮ್ಮ. ಆದ್ರೆ ನನ್ನ ತಿಪ್ಪೆ ಮೇಲೆ ಮಲಗ್ಸಿದ್ರು ಅಂತ ಅವ್ರ ಮುಂದೆ ಎಂಗಮ್ಮ ಹೇಳ್ಲಿ? ನೀನೇ ಒಂದ್ ಮಾತು ಅಂದ್ಬುಟ್ಟಿದ್ರೆ ಆಗೋಗ್ತಿತ್ತು. ಏನ್ ಹೋಗ್ತಿತ್ತು ನಿಂಗೆ?"

ಸುಂದರಮ್ಮ ಚಪ್ಪಲಿ ಮೆಟ್ಟಿಕೊಂಡು ಸೆರಗು ಸರಿಮಾಡಿಕೊಂಡಳು.

"ಒಳಗೆ ಹೋಗಿ ಚಾಮುಂಡೇಶ್ವರಿಯವ್ರೇ," ಎಂದಳು. "ಬಾಣಂತಿಯರು ಗಾಳೀಲಿ ನಿಂತ್ಕೋಬಾರ್ದು."