ಯತ್ತಪ್ಪನ ಬೀರುವಿನ ಇಂಗ್ಲೆಂಡ್

ಚಿತ್ರದುರ್ಗದಲ್ಲಿ ಕಲ್ಲಿಗೇನು ಬರವೇ? ಬಾಗಿಲು ತೆರೆದರೆ ಕಲ್ಲು, ಕಿಟಕಿ ತೆರೆದರೆ ಕಲ್ಲು, ಎಡವಿದರೆ ಕಲ್ಲು, ಬಿದ್ದರೆ ಬಂಡೆ. ಇಂಥ ಊರಿನಲ್ಲಿ ಕೂತು ಇಂಗ್ಲೆಂಡಿನಿಂದ ಅಂಚೆಯಲ್ಲಿ ಕಲ್ಲು ತರಿಸಿಕೊಂಡು, ಅದಕ್ಕೊಂದು ಗಾಜಿನ ಬೀರು ಮಾಡಿಸಿ, ಬೀಗ ಜಡಿದು, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ತಿರುಗಿದ ಮಹಾನುಭಾವ ನನಗೆ ತಿಳಿದಂತೆ ಒಬ್ಬನೇ. ಅವನು ನಮ್ಮ ಪಕ್ಕದ ಮನೆಯ ಯತ್ತಪ್ಪ. ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಹಾಗಾಗಿ ಅವನ ದೊಡ್ಡಸ್ತಿಕೆಯನ್ನೆಲ್ಲ ನಾನು ಬೇಡವೆಂದರೂ ಕೇಳಬೇಕಾಯಿತು.

ಅವನಿಗೆ ಊರಾಚೆಯ ತಾಮ್ರದ ಗಣಿಯಲ್ಲಿ ಕೆಲಸ. ಗಣಿಯೊಳಗಿನಿಂದ ಬಂದ ಅದಿರಿನ ಚೂರುಗಳನ್ನು ಪರೀಕ್ಷೆಗೆಂದು ಕುಟ್ಟಿ ಪುಡಿ ಮಾಡಿಕೊಡುವುದು. ಕಲ್ಲು ಕುಟ್ಟುವ ಕೆಲಸ ಎಂದರೆ ಅವನಿಗೆ ಮೈಯೆಲ್ಲ ಉರಿ.

"ಲ್ಯಾಬ್ ಅಸಿಸ್ಟೆಂಟ್ ಅನ್ರಿ ಮೇಷ್ಟ್ರೆ. ಓದಿದವ್ರು ನೀವೇ ಹಿಂಗಂದ್ರೆ ಹೆಂಗೆ?" ಎನ್ನುತ್ತಿದ್ದ.

ಕುಟ್ಟುವ ಕೆಲಸದಲ್ಲಿ ಅವಮಾನವೇನೂ ಇಲ್ಲ. ನಾನು ಮಕ್ಕಳಿಗೆ ಮಗ್ಗಿ ಕುಟ್ಟಿಸುವವನು, ನನಗೆ ನಾಚಿಕೆಯಿಲ್ಲ. ಆದರೆ ಯತ್ತಪ್ಪನಿಗೆ ತಾನು ಮಾಡಿದ್ದೆಲ್ಲ ನಾಚಿಕೆ, ತನಗೆ ಸಂಬಂಧಪಟ್ಟವರೆಲ್ಲ ನಾಚಿಕೆ. ಇಂಗ್ಲೆಂಡಿನ ಕಲ್ಲಿಗೂ ತನಗೂ ಏನೋ ಸಂಬಂಧವಿದೆ ಎನ್ನುವುದೊಂದೇ ಹೆಮ್ಮೆ.

ಅದು ಅಂಟಿಕೊಂಡದ್ದು ಎಪ್ಪತ್ತೊಂದರಲ್ಲಿ. ಗಣಿ ನೋಡಲು ಬಂದಿದ್ದ ಇಂಗ್ಲಿಷಿನವನೊಬ್ಬ ಹೋಗುವಾಗ ಇವನ ಕೈಗೆ ಒಂದು ಬಣ್ಣದ ಕಲ್ಲು ಕೊಟ್ಟು ಹೋದ. ನಮ್ಮ ದೇಶದಲ್ಲಿ ಇಂಥವನ್ನು ಕೂಡಿಡುವವರಿದ್ದಾರೆ, ನಿನ್ನ ಕಡೆಯ ಕಲ್ಲು ಕಳಿಸಿದರೆ ಅವರ ಕಡೆಯದು ಕಳಿಸುತ್ತಾರೆ ಎಂದು ಡರ್ಹಮ್ ಎಂಬ ಊರಿನ ಹ್ಯಾರಿಸ್ ಎಂಬ ಮುದುಕನ ವಿಳಾಸವನ್ನೂ ಕೊಟ್ಟ. ಅಲ್ಲಿಂದ ಶುರುವಾಯಿತು ನೋಡಿ ರೋಗ. ಸರಕು ಅತ್ತ ಹೋಗುವುದು, ಇತ್ತ ಬರುವುದು. ಬಂದ ಒಂದೊಂದು ಕಲ್ಲಿಗೂ ಹತ್ತಿಯ ಹಾಸಿಗೆ, ಟೈಪು ಮಾಡಿಸಿದ ಚೀಟಿ. ಕಟ್ಟಿಕೊಂಡ ಹೆಂಡತಿ ಓಬವ್ವನಿಗೆ ಹತ್ತಿಯ ಹಾಸಿಗೆ ಇರಲಿಲ್ಲ, ಚಾಪೆ ಇತ್ತು.

ಸುಳ್ಳು ಹೇಳಬಾರದು, ಕಲ್ಲುಗಳು ಚೆಂದವಿದ್ದವು. ಡರ್ಹಮ್ಮಿನ ನೇರಳೆ ಕಲ್ಲು ಅಚ್ಚಿನಲ್ಲಿ ಎರೆದಂತೆ ಚೌಕ ಚೌಕವಾಗಿತ್ತು. ಕಾರ್ನ್‌ವಾಲಿನ ತಾಮ್ರಕ್ಕೆ ಒಣಗಿದ ಕಡ್ಡಿಯ ಹಾಗೆ ಕವಲುಗಳಿದ್ದವು. ಕಂಬರ್‌ಲೆಂಡಿನ ಕೆಂಪು ಅದಿರು ಗುಂಡುಗುಂಡಾಗಿ ಹೊಳೆಯುತ್ತಿತ್ತು. ಓಬವ್ವ ಅದನ್ನು ನೋಡಿ, "ಇದೇನ್ ಮೇಷ್ಟ್ರೆ, ಕಟುಕ್ರ ಅಂಗ್ಡಿ ಕುರಿ ಈಲಿ ಇದ್ದಂಗೈತೆ" ಎಂದು ನಕ್ಕಿದ್ದಳು. ಗಂಡ ಮೂರು ದಿನ ಅವಳ ಜೊತೆ ಮಾತಾಡಲಿಲ್ಲ. ಚೆಂದವಿಲ್ಲದ್ದು ಅವನ ಬಾಯಿ ಮಾತ್ರ.

"ನಮ್ಮಲ್ಲಿರೋದು ಜಲ್ಲಿ ಮೇಷ್ಟ್ರೆ. ಸ್ಪೆಸಿಮನ್ ಅಂದ್ರೆ ಅವ್ರದು" ಎನ್ನುತ್ತಿದ್ದ. ಹಿತ್ತಲ ಗಿಡ ಮದ್ದಲ್ಲ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ. ಆ ಜಲ್ಲಿ ಸಿಕ್ಕರೆ ಸಾಕೆಂದು ಡರ್ಹಮ್ಮಿನ ಮುದುಕ ಬಾಯಿಬಿಟ್ಟುಕೊಂಡು ಕಾಯುತ್ತಿದ್ದ ಎನ್ನುವುದು ಈ ಬುದ್ಧಿವಂತನ ತಲೆಗೆ ಹೋಗಲೇ ಇಲ್ಲ.

ಸಂಗ್ರಹವೆಂದರೆ ಹಂಚಿಕೊಂಡು ನೋಡಬೇಕು, ಮುಚ್ಚಿಟ್ಟರೆ ಕಲ್ಲಿಗೂ ಕತ್ತಲೆಗೂ ವ್ಯತ್ಯಾಸವಿಲ್ಲ ಎಂದು ಹ್ಯಾರಿಸ್ ಒಮ್ಮೆ ಬರೆದಿದ್ದನಂತೆ. ಯತ್ತಪ್ಪ ಅದನ್ನು ಎಲ್ಲರ ಮುಂದೆಯೂ ಹೇಳುತ್ತಿದ್ದ. ಹಂಚಿಕೊಳ್ಳುತ್ತಲೂ ಇದ್ದ, ಆದರೆ ಪ್ಯಾಂಟು ಹಾಕಿದವರ ಜೊತೆ. ಭಾನುವಾರ ಬಂತೆಂದರೆ ಬ್ಯಾಂಕಿನ ಮ್ಯಾನೇಜರು, ಸಬ್‌ರಿಜಿಸ್ಟ್ರಾರು, ದವಾಖಾನೆಯ ಡಾಕ್ಟರು, ಹೀಗೆ ಒಬ್ಬೊಬ್ಬರನ್ನು ಕರೆತಂದು ಬೀರು ತೆರೆದು ಪಾಠ ಮಾಡುವನು. ಅವರೆಲ್ಲ ಆಕಳಿಸುತ್ತ "ವೆರಿ ಗುಡ್" ಎನ್ನುವರು. ನಾನು ಹೋಗುತ್ತಿದ್ದುದು ಓಬವ್ವ ಮಾಡುವ ಮಂಡಕ್ಕಿ, ಮೆಣಸಿನಕಾಯಿಗೆ. ಪಂಚೆ ಉಟ್ಟ ನನ್ನನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದುದು ಬಂದವರು ಕೂರುವ ಕುರ್ಚಿಗಳು ನಮ್ಮ ಮನೆಯವಾದ್ದರಿಂದ.

ಇನ್ನು ಡರ್ಹಮ್ಮಿಗೆ ಹೋಗುತ್ತಿದ್ದ ಕಲ್ಲುಗಳ ವಿಷಯ. ಬ್ಯಾಂಕಿನ ಮ್ಯಾನೇಜರ ಮುಂದೆ ಯತ್ತಪ್ಪ, "ಗುಡ್ಡ ಗುಡ್ಡ ಹತ್ತಿ ಕಲೆಕ್ಟ್ ಮಾಡ್ತೀನಿ ಸಾರ್" ಎನ್ನುತ್ತಿದ್ದ. ಅವನು ಹತ್ತುತ್ತಿದ್ದುದು ಗಣಿಯ ಬಸ್ಸನ್ನು ಮಾತ್ರ. ಗುಡ್ಡ ಹತ್ತುತ್ತಿದ್ದವಳು ಅವನ ಅಕ್ಕ ದೊಡ್ಡಕ್ಕ.

ದೊಡ್ಡಕ್ಕ ಮದಕರಿಪುರದ ಆಚೆಯ ಹಟ್ಟಿಯವಳು. ಅಪ್ಪ ಅವ್ವ ಒಂದೇ ವರ್ಷದಲ್ಲಿ ಒಬ್ಬರ ಹಿಂದೊಬ್ಬರು ತೀರಿಹೋದಾಗ ತಮ್ಮ ಇನ್ನೂ ಅಂಬೆಗಾಲಿಡುತ್ತಿದ್ದ. ಬೆನ್ನಿಗೆ ಅವನನ್ನು ಕಟ್ಟಿಕೊಂಡು ಕುರಿಯ ಹಿಂದೆ ತಿರುಗಿದವಳು ಇವಳು. ಇಸ್ಕೂಲು, ಹಾಸ್ಟೆಲು, ಎಸ್ಸೆಸ್ಸೆಲ್ಸಿ ಎಲ್ಲ ಇವಳ ದುಡಿಮೆ. ಬೇಸಗೆಯಲ್ಲಿ ಮಂದೆ ಹೊಡೆದುಕೊಂಡು ಹೊಸದುರ್ಗದ ಕಡೆ, ಮಾಡದಕೆರೆಯ ತನಕ ಹೋಗುವಳು. ದಾರಿಯಲ್ಲಿ ಹಸುರು ಬಣ್ಣದ್ದು, ನವಿಲು ಬಣ್ಣದ್ದು, ಬಿಸಿಲಿಗೆ ಮಿರಿಮಿರಿ ಎನ್ನುವ ಕಲ್ಲು ಕಂಡರೆ ತಮ್ಮನಿಗೆಂದು ಕಂಬಳಿಯಲ್ಲಿ ಗಂಟು ಕಟ್ಟಿ ಹೊತ್ತು ತರುವಳು. ಒಮ್ಮೆ ನವಿಲು ಬಣ್ಣದ ದೊಡ್ಡ ಗಟ್ಟಿಯೊಂದನ್ನು ಹೊತ್ತು ಇಳಿಯುವಾಗ ಜಾರಿ ಬಿದ್ದು ಸೊಂಟ ಉಳುಕಿ ಮಲಗಿದ್ದಳು. ಎದ್ದವಳು ಮೊದಲು ಮಾಡಿದ ಕೆಲಸ, ಆ ಕಲ್ಲನ್ನು ತಂದು ತಮ್ಮನಿಗೆ ಕೊಟ್ಟದ್ದು.

ಯತ್ತಪ್ಪ ಹಿತ್ತಲಲ್ಲೇ ಗಂಟು ಬಿಚ್ಚಿಸಿ, ಬೇಕಾದ್ದು ಆರಿಸಿಕೊಂಡು ಉಳಿದದ್ದನ್ನು ಬೇಲಿಗೆ ಎಸೆಯುತ್ತಿದ್ದ. ದೊಡ್ಡಕ್ಕ ಪ್ರತಿ ಸಲವೂ ಒಂದೇ ಮಾತು ಕೇಳುತ್ತಿದ್ದಳು.

"ತಮ್ಮಾ, ನಮ್ ಕಲ್ಲಿಗೆ ಅವ್ರು ಎಂಥ ಕಲ್ಲು ಕೊಟ್ರು? ಒಂದ್ಸಲ ತೋರ್ಸಪ್ಪ."

ಅವಳಿಗೆ ಬೇಕಾಗಿದ್ದುದು ಅಷ್ಟೇ. ದುಡ್ಡಲ್ಲ, ಸೀರೆಯಲ್ಲ. ತಾನು ಹೊತ್ತದ್ದಕ್ಕೆ ಬದಲಾಗಿ ಸಮುದ್ರದಾಚೆಯಿಂದ ಬಂದದ್ದನ್ನು ಒಮ್ಮೆ ಕಣ್ಣಾರೆ ನೋಡಬೇಕು. ಅದಕ್ಕೆ ಯತ್ತಪ್ಪನ ಬಳಿ ಒಂದು ಚೀಲ ನೆಪಗಳಿದ್ದವು. ಕರೆಂಟಿಲ್ಲ, ನಿನ್ನ ಕೈ ಎಣ್ಣೆ ಆಗೈತೆ, ಯಾರೋ ಬರೋರಿದ್ದಾರೆ, ಮುಂದಿನ ಸಲ ನೋಡುವೆಯಂತೆ. ಐದು ವರ್ಷ ಆ ಮುಂದಿನ ಸಲ ಬರಲಿಲ್ಲ. ನನಗೆ ತಡೆಯದೆ ಒಂದು ದಿನ, "ತೋರಿಸಿದರೆ ನಿನ್ನ ಗಂಟೇನು ಹೋಗುತ್ತೋ?" ಎಂದೆ.

"ಅವ್ಳಿಗೇನ್ ತಿಳೀತೈತೆ ಮೇಷ್ಟ್ರೆ? ಮಿನರಲ್ ಅಂದ್ರೆ ಗೊತ್ತಾ ಅವ್ಳಿಗೆ?" ಎಂದ. ಮುಖಕ್ಕೆ ಉಗಿಯಬೇಕೆನಿಸಿತು.

ಸೊಂಟ ಉಳುಕಿಸಿದ ಆ ನವಿಲು ಬಣ್ಣದ ಕಲ್ಲನ್ನು ನೋಡಿ ಹ್ಯಾರಿಸ್ ಹಿಗ್ಗಿಹೋದನಂತೆ. ಬದಲಿಗೆ ತನ್ನಲ್ಲಿದ್ದುದರಲ್ಲಿ ಅತಿ ದೊಡ್ಡದನ್ನು ತಗಡಿನ ಡಬ್ಬಿಯಲ್ಲಿಟ್ಟು ಮುಚ್ಚಳಕ್ಕೆ ಮೇಣ ಹಾಕಿ ಕಳಿಸಿದ. ಚೆಷೈರ್ ಎಂಬ ಕಡೆ ನೆಲದಾಳದಿಂದ ತೆಗೆದದ್ದಂತೆ. ಅಂಗೈ ತುಂಬುವಷ್ಟು ದೊಡ್ಡದು, ತುಸು ಕಿತ್ತಳೆ ಬಣ್ಣ, ಆಚೆ ಹಿಡಿದ ಬೆರಳು ಈಚೆ ಕಾಣುವಷ್ಟು ತಿಳಿ. ಯತ್ತಪ್ಪ ಅದನ್ನು ಬೀರುವಿನ ನಡುವೆ ಸಿಂಹಾಸನದಲ್ಲಿ ಕೂರಿಸಿದ ಹಾಗೆ ಇಟ್ಟ. "ಹ್ಯಾಲೈಟ್" ಎಂದು ಹೇಳುವಾಗ ಅವನ ತುಟಿಯೇ ಬೇರೆ ಆಗುತ್ತಿತ್ತು. ಕನ್ನಡದಲ್ಲಿ ಇದಕ್ಕೆ ಏನಂತಾರೆ ಎಂದು ಡಾಕ್ಟರು ಕೇಳಿದರು.

"ಕನ್ನಡದಲ್ಲಿ ಇದಕ್ಕೆ ಪದವೇ ಇಲ್ಲ ಸಾರ್" ಎಂದ.

ಎಪ್ಪತ್ತಾರರ ಮಳೆಗಾಲ. ಗಣಿಗೆ ಹೊಸದಾಗಿ ರೇವಣಸಿದ್ದಪ್ಪ ಎಂಬ ಎಂಜಿನಿಯರು ಬಂದಿದ್ದರು. ಅವರನ್ನು ಒಂದು ಭಾನುವಾರ ಕರೆತರುವುದೆಂದು ಗೊತ್ತಾಯಿತು. ಯತ್ತಪ್ಪ ಬೆಳಗಿನಿಂದಲೇ ಕಲ್ಲುಗಳನ್ನು ಒರೆಸಿ ಜೋಡಿಸಿ, ಥಂಡಿಗೆ ಮುಗ್ಗಲು ಹಿಡಿಯದಿರಲೆಂದು ಬೀರುವಿನ ಬಾಗಿಲು ತೆರೆದಿಟ್ಟು, ಸಾಹೇಬರನ್ನು ಕರೆತರಲು ಹೋದ. ನಾನು ಕುರ್ಚಿ ಹೊತ್ತುಕೊಂಡು ಹೋದೆ. ಹಿತ್ತಲಲ್ಲಿ ದೊಡ್ಡಕ್ಕ ಕೂತಿದ್ದಳು. ಮೇವು ಬಿಟ್ಟಿದ್ದ ಕುರಿಯೊಂದನ್ನು ದನದ ಆಸ್ಪತ್ರೆಗೆ ತೋರಿಸಲು ತಂದಿದ್ದಳಂತೆ. ಭಾನುವಾರವೆಂದು ಅವಳಿಗೆ ಹೊಳೆದಿರಲಿಲ್ಲ. ನುಗ್ಗೆ ಮರಕ್ಕೆ ಕಟ್ಟಿದ್ದ ಕುರಿ ಓಬವ್ವ ಹಾಕಿದ ಸೊಪ್ಪನ್ನು ಮೂಸಿಯೂ ನೋಡದೆ ನಿಂತಿತ್ತು.

"ಬಾ ಅತ್ಗೆ, ಬೀರು ತೆಗ್ದೈತೆ. ಅವ್ರು ಬರೋದ್ರೊಳ್ಗೆ ನೋಡ್ಕಂಬಿಡು" ಎಂದಳು ಓಬವ್ವ.

ದೊಡ್ಡಕ್ಕ ಎರಡು ಸಲ ಕೈ ತೊಳೆದಳು, ಸೆರಗಿಗೆ ಒರೆಸಿದಳು. ಆಮೇಲೆ ಬೀರುವಿನ ಮುಂದೆ ಕೂತಳು. ನೇರಳೆ ಕಲ್ಲನ್ನು ಬಹಳ ಹೊತ್ತು ನೋಡಿದಳು. "ನಾನ್ ತಂದ ಹಸ್ರು ಕಲ್ಲಿಗೆ ಇದು ಬಂತಾ? ಮೋಸ ಇಲ್ಲ ಬಿಡು. ಒಳ್ಳೇರೇ ಅವ್ರು" ಎಂದಳು. ಒಂದೊಂದಕ್ಕೂ ಕೇಳಿದಳು, ಒಂದೊಂದಕ್ಕೂ ತಲೆದೂಗಿದಳು. ಯಾವ ಮ್ಯಾನೇಜರೂ ಅಷ್ಟು ಆಸೆಯಿಂದ ನೋಡಿದ್ದನ್ನು ನಾನು ಕಂಡಿಲ್ಲ.

ಕೊನೆಗೆ ನಡುವಿನ ದೊಡ್ಡ ಕಲ್ಲು. "ಇದು ನೀನು ಸೊಂಟ ಉಳುಕಿಸ್ಕಂಡು ತಂದ್ಯಲ್ಲ, ಅದಕ್ಕೆ ಬಂದಿದ್ದು. ಭಾಳ ದೊಡ್ ಕಲ್ಲಂತೆ" ಎಂದಳು ಓಬವ್ವ. ದೊಡ್ಡಕ್ಕ ಎರಡೂ ಕೈಯಲ್ಲಿ ಎತ್ತಿಕೊಂಡಳು. ಮಳೆಯ ಥಂಡಿಗೆ ಕಲ್ಲು ಬೆವೆತಿತ್ತು. ಅಂಗೈ ಒದ್ದೆಯಾದದ್ದನ್ನು ನೋಡಿ, ಬೆರಳನ್ನು ನಾಲಿಗೆಗೆ ಮುಟ್ಟಿಸಿದಳು. ಮುಖ ಬದಲಾಯಿತು. ಇನ್ನೊಮ್ಮೆ ಮುಟ್ಟಿಸಿದಳು.

"ಏ ಓಬವ್ವ, ಇದು ಉಪ್ಪು ಕಣೇ!"

ಮೊದಲು ನಕ್ಕಳು. ಆಮೇಲೆ ಸಿಟ್ಟು ಬಂತು. "ಸೊಂಟ ಮುರ್ಕಂಡು ತಂದಿದ್ಕೆ ಉಪ್ಪು ಕೊಟ್ರಾ? ಸಂತೇಲಿ ಸೇರುಗಟ್ಲೆ ಬಿದ್ದೈತಲ್ಲ! ಇದ್ನ ಬೀಗ ಹಾಕಿ ಇಟ್ಕಂಡು ನಂಗೆ ತೋರ್ಸಾಕಿಲ್ಲ ಅಂದ್ನಾ ನನ್ ತಮ್ಮ?" ನನ್ನ ಕಡೆ ತಿರುಗಿ, "ಮೇಷ್ಟ್ರೆ, ನನ್ ಕಲ್ಲಿಗೆ ಬಂದಿದ್ದು ಅಂದ್ರೆ ಇದು ನಂದೇ ಅಲ್ವಾ?" ಎಂದು ಕೇಳಿದಳು.

"ನಿಂದೇ ಕಣಮ್ಮ" ಎಂದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

ಅವಳು ನೇರ ಹೋಗಿ ಕುರಿಯ ಮುಂದೆ ಇಟ್ಟಳು. ಎರಡು ದಿನದಿಂದ ಬಾಯಿ ಆಡಿಸದಿದ್ದ ಕುರಿ ಮೂಸಿತು, ಒಮ್ಮೆ ನೆಕ್ಕಿತು, ಆಮೇಲೆ ಬಿಡಲೇ ಇಲ್ಲ. ಮೇಲಿನಿಂದ ತುಂತುರು ಮಳೆ ಬೇರೆ. ಇಂಗ್ಲೆಂಡಿನ ನೆಲದಾಳದ ಹ್ಯಾಲೈಟು ನೋಡುನೋಡುತ್ತಿದ್ದಂತೆ ತೊಯ್ದ ಸಾಬೂನಿನ ಹಾಗೆ ಮೂಲೆಗಳನ್ನು ಕಳೆದುಕೊಂಡಿತು. ನಾನು ಕುರ್ಚಿಯನ್ನು ಹಿತ್ತಲ ಬಾಗಿಲಿಗೇ ಎಳೆದುಕೊಂಡು ಕೂತೆ. ಆ ಬೀರುವಿನಿಂದ ನನಗೆ ಸಿಕ್ಕ ಸಂತೋಷ ಅದೊಂದೇ.

ಯತ್ತಪ್ಪ ಬಂದ. ಹಿಂದೆ ಎಂಜಿನಿಯರು ಬಂದರು. "ಬರ್ರಿ ಸಾರ್, ಕುಂತ್ಕಳ್ರಿ" ಎನ್ನುತ್ತಲೇ ಬೀರುವಿನ ಕಡೆ ತಿರುಗಿದವನು ಹಾಗೇ ನಿಂತ. ನಡುವೆ ಹತ್ತಿ ಇತ್ತು, ಚೀಟಿ ಇತ್ತು, ಕಲ್ಲಿರಲಿಲ್ಲ. ಕಣ್ಣು ಹಿತ್ತಲಿಗೆ ಹೋಯಿತು. ಕುರಿಯನ್ನು ಕಂಡ, ಕುರಿಯ ಮುಂದಿದ್ದುದನ್ನು ಕಂಡ, ಪಕ್ಕದಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತಿದ್ದ ಅಕ್ಕನನ್ನು ಕಂಡ. ಅವಳು ಬೈಗುಳಕ್ಕೆ ತಯಾರಾಗಿದ್ದಳು. ಅವಳ ಬಾಯಲ್ಲೂ ಉತ್ತರಗಳಿದ್ದವು. ಬೈದಿದ್ದರೆ ಚೆನ್ನಾಗಿತ್ತು. ಒಡಹುಟ್ಟಿದವರ ಜಗಳವೆಂದು ಸಂಜೆಯ ಹೊತ್ತಿಗೆ ಮುಗಿದುಹೋಗುತ್ತಿತ್ತು.

"ಅವ್ರು ಯಾರು?" ಎಂದು ಎಂಜಿನಿಯರು ಕೇಳಿದರು.

ಯತ್ತಪ್ಪ ಹಲ್ಲು ಕಿರಿದು, "ಯಾರೂ ಅಲ್ಲ ಸಾರ್. ಕುರಿ ಕಾಯೋಳು. ಆಗಾಗ ಬಂದು ಹಿತ್ತಲಲ್ಲಿ ಕೂತು ಹೋಗ್ತಾಳೆ" ಎಂದ.

ಓಬವ್ವ ಮುಖ ತಿರುಗಿಸಿಕೊಂಡಳು. ದೊಡ್ಡಕ್ಕನ ಕಣ್ಣಿನಲ್ಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವಳು ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ ಹೆಗಲ ಮೇಲೆ ಹೊದ್ದುಕೊಂಡು ಬಾಗಿಲಿನ ತನಕ ಬಂದಳು.

"ಹೌದ್ ಸಾಮಿ, ಕುರಿ ಕಾಯೋಳೇ. ಅಪ್ಪ ಅವ್ವ ಸತ್ತಾಗ ಕುರಿ ಜತಿಗೆ ಇವನ್ನೂ ಕಾಯ್ದೆ. ಕುರಿ ಆದ್ರೆ ಉಣ್ಣೆನಾದ್ರೂ ಕೊಡ್ತಾವೆ."

ಅಷ್ಟು ಹೇಳಿ ಕುರಿಯ ಹಗ್ಗ ಬಿಚ್ಚಿದಳು. ಕಲ್ಲನ್ನು ಅಲ್ಲೇ ಕೆಸರಿನಲ್ಲಿ ಬಿಟ್ಟು, ಬೇಲಿ ದಾಟಿ ಮದಕರಿಪುರದ ದಾರಿ ಹಿಡಿದಳು. ಎಂಜಿನಿಯರು ಕೂರಲಿಲ್ಲ. ಅವರು ಹೋಗುತ್ತಿದ್ದವಳನ್ನೇ ನೋಡುತ್ತಿದ್ದರು. ನಾವೆಲ್ಲ ನೋಡುತ್ತಿದ್ದೆವು. ಯತ್ತಪ್ಪ ಒಬ್ಬನೇ ಬೀರುವಿನ ಕಡೆ ಮುಖ ಮಾಡಿ ಕೆಂಪು ಅದಿರನ್ನು ಎತ್ತಿ ಹಿಡಿದು, "ಇದು ಕಂಬರ್‌ಲೆಂಡಿನದು ಸಾರ್" ಎಂದು ಶುರು ಮಾಡಿದ. ಯಾರೂ ಕೇಳದಿದ್ದರೂ ಹೇಳುತ್ತಲೇ ಹೋದ. ಮಾತು ನಿಲ್ಲಿಸಿದರೆ ತಿರುಗಿ ನೋಡಬೇಕಾಗುತ್ತಿತ್ತಲ್ಲ.