ಅಂಚಿನಲ್ಲಿ ಬರೆಯಬಹುದಾದ ಪುಸ್ತಕ

ಸರ್ರ್, ಸರ್ರ್. ಕೆಳಗಿನ ಅಂಗಡಿಯ ಬಡಗಿ ಬೆಳಗಿನ ಏಳಕ್ಕೇ ಹಲಗೆ ಉಜ್ಜಲು ಶುರುಮಾಡಿದ್ದ. ಮಾಳಿಗೆಯ ಆ ಮನೆಯಲ್ಲಿ ಹನ್ನೊಂದು ವರ್ಷದಿಂದ ಅದೇ ಸದ್ದಿಗೆ ಏಳುತ್ತಿದ್ದವಳಿಗೆ, ಈವತ್ತು ಮಾತ್ರ ಅದು ಎದೆಯನ್ನೇ ಉಜ್ಜಿದ ಹಾಗಿತ್ತು.

"ಏನೇ, ಹರಳೆಣ್ಣೆ ಕುಡಿದವಳ ಹಾಗೆ ಕೂತಿದ್ದೀಯ?" ಎಂದರು ಚಿಕ್ಕಮ್ಮ, ತಟ್ಟೆ ಮುಂದಿಡುತ್ತ.

"ನಿನ್ನೆ ಒಂದು ಪುಸ್ತಕ ಅಳಿಸಿಬಿಟ್ಟೆ ಚಿಕ್ಕಮ್ಮ."

"ಇಪ್ಪತ್ತಾರು ವರ್ಷದಿಂದ ಅದನ್ನೇ ತಾನೇ ಮಾಡ್ತಿರೋದು? ಅದಕ್ಕೆ ಈಗ್ಯಾಕೆ ಸಪ್ಪೆ ಮುಖ?"

ನಿಜ, ಅದೇ ಅವಳ ಕೆಲಸ. ಕಾಲೇಜಿನ ಗ್ರಂಥಾಲಯಕ್ಕೆ ವಾಪಸು ಬಂದ ಪುಸ್ತಕಗಳ ಹಾಳೆ ಮಗುಚಿ, ವಿದ್ಯಾರ್ಥಿಗಳು ಪೆನ್ಸಿಲಿನಲ್ಲಿ ಎಳೆದ ಗೆರೆ, ಬಿಡಿಸಿದ ಹೃದಯ, ಗೀಚಿದ ಬೈಗುಳ ಎಲ್ಲವನ್ನೂ ಉಜ್ಜಿ ತೆಗೆಯುವುದು. ಬೆನ್ನ ಹಿಂದೆ ಎಲ್ಲರೂ ಅವಳನ್ನು ರಬ್ಬರಮ್ಮ ಎನ್ನುತ್ತಿದ್ದರು. ಅವಳಿಗೆ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಮುಂದೆ ಓದುವವರಿಗೆ ಪುಸ್ತಕ ಹೊಸದಾಗಿಯೇ ಸಿಗಬೇಕು. ಸ್ವಂತ ಪುಸ್ತಕದ ಮೇಲೆ ಹೆಸರು ಬರೆಯಲೂ ಅವಳಿಗೆ ಕೈ ಬರುತ್ತಿರಲಿಲ್ಲ.

ಕಳೆದ ವರ್ಷ ಪ್ರಾಂಶುಪಾಲರು ಅವಳನ್ನು ಮೂರು ದಿನದ ತರಬೇತಿಗೆ ಕಳಿಸಿದರು. ಅದು ಮುಕ್ತ ಪಠ್ಯಪುಸ್ತಕಗಳ ವಿಷಯ. ಅವನ್ನು ಯಾರು ಬೇಕಾದರೂ ಓದಬಹುದು, ನಕಲು ಮಾಡಿಕೊಳ್ಳಬಹುದು, ತಮಗೆ ಬೇಕಾದಂತೆ ತಿದ್ದಿ ಮತ್ತೆ ಹಂಚಬಹುದು. ಮೂಲ ಯಾರದೆಂದು ಹೇಳಿದರೆ ಸಾಕು. ವಾಪಸು ಬಂದವಳು ಅಧ್ಯಾಪಕರ ಕೋಣೆಯಲ್ಲಿ ಇದನ್ನೆಲ್ಲ ವಿವರಿಸಿದಾಗ ಗಣಿತದವರು, "ಬಿಟ್ಟಿ ಸಿಕ್ಕಿದ್ರೆ ನನಗೊಂದಿರ್ಲಿ, ನಮ್ಮಪ್ಪನಿಗೊಂದಿರ್ಲಿ" ಎಂದು ನಕ್ಕು ಊಟದ ಡಬ್ಬಿ ಮುಚ್ಚಿ ಎದ್ದರು. ಆಮೇಲೆ ಯಾರೂ ಅವಳ ಮೇಜಿನತ್ತ ಸುಳಿಯಲಿಲ್ಲ. ಬಂದವರು ಸಸ್ಯಶಾಸ್ತ್ರದ ಮೇಷ್ಟ್ರು ಒಬ್ಬರೇ, ಅದೂ ಜಗಳಕ್ಕೆ.

"ಅಲ್ಲಮ್ಮಾ, ನಿಮ್ಮ ಈ ಸಸ್ಯಶಾಸ್ತ್ರದ ಪುಸ್ತಕ ಬರೆದೋರು ನಮ್ಮ ಕಡೆ ಒಂದು ಸಲನಾದ್ರೂ ಕಾಲಿಟ್ಟಿದ್ದಾರಾ? ನನ್ನ ಮಕ್ಕಳು ಕನಸಲ್ಲೂ ಕಾಣದ ಮರಗಳನ್ನೆಲ್ಲ ತುಂಬಿಟ್ಟಿದ್ದಾರೆ."

"ಬದಲಾಯಿಸಿ ಸರ್."

"ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಅಂತಾರೆ."

"ಇದು ಎಣಿಸ್ಲಿ ಅಂತಲೇ ಕೊಟ್ಟ ಹಸು ಸರ್. ಹುಳುಕಿದ್ರೆ ಕಿತ್ತು ಬೇರೆ ಹಲ್ಲು ಕಟ್ಟಿ."

ಮೇಷ್ಟ್ರು ನಗಲಿಲ್ಲ. "ಓದ್ತೀನಿ, ಅಷ್ಟೇ. ಒಂದಕ್ಷರ ಬರೆಯಲ್ಲ. ಕಣ್ಣಿಗೆ ಪೊರೆ ಬಂದಿದೆ, ಕೈ ಬೇರೆ ನಡುಗುತ್ತೆ."

ಪರದೆಯ ಮೇಲೆ ಓದಲು ಅವರಿಗೆ ಆಗದೆಂದು, ಅವಳು ಪುಸ್ತಕವನ್ನು ಮುದ್ರಿಸಿ, ಹೊಲಿದು, ಗ್ರಂಥಾಲಯದ ಉಳಿದ ಪುಸ್ತಕಗಳಿಗೆ ಹಾಕುವ ಕಂದು ಹೊದಿಕೆಯನ್ನೇ ಹಾಕಿ ಕೊಟ್ಟಳು. ರಜೆ ಮುಗಿಯುವವರೆಗೂ ಸುದ್ದಿಯಿಲ್ಲ. ನಿನ್ನೆ ಮಧ್ಯಾಹ್ನ ಅವಳು ಊಟಕ್ಕೆ ಹೋಗಿದ್ದಾಗ ಅದು ವಾಪಸು ಬಂದ ಪುಸ್ತಕಗಳ ರಾಶಿಗೆ ಸೇರಿಕೊಂಡಿತ್ತು. ಚಿಕ್ಕಮ್ಮನ ಮಂಡಿನೋವಿಗೆ ಯಾವ ಡಾಕ್ಟರು ಎಂದು ಯೋಚಿಸುತ್ತ, ಅವಳು ಒಂದೊಂದೇ ಪುಸ್ತಕ ಎತ್ತಿಕೊಂಡು ಉಜ್ಜುತ್ತ ಹೋದಳು. ಒಂದರ ಅಂಚಿನ ತುಂಬ ಇರುವೆ ಸಾಲಿನಂಥ ಬರಹವಿತ್ತು. ಇಪ್ಪತ್ತೆರಡನೆಯ ಪುಟ ಮುಗಿಸಿ ಮಗುಚಿದಾಗ ಕಣ್ಣಿಗೆ ಬಿತ್ತು: 'ಈ ಮರ ಬೇಡ. ನಮ್ಮ ನೀರಿನ ಟ್ಯಾಂಕಿನ ಹಿಂದಿನ ಗೋಡೆಗೆ ಕರೆದುಕೊಂಡು ಹೋಗಿ.'

ಕೈಯಲ್ಲಿದ್ದ ರಬ್ಬರು ಬಿಸಿಯಾಗಿತ್ತು. ಅಳಿಸಿದ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಹಕ್ಕಿ ನಡೆದು ಹೋದಂಥ ಗುರುತುಗಳು. ಓದಲು ಬರುವಂಥದ್ದು ಒಂದೂ ಇಲ್ಲ.

"ಹೋಗಿ ಹೇಳಿಬಿಡು," ಎಂದರು ಎಲ್ಲ ಕೇಳಿಸಿಕೊಂಡ ಚಿಕ್ಕಮ್ಮ. "ಹೇಳಿದ್ರೆ ಅವರು ಒಂದು ಸಲ ಬೈತಾರೆ. ಹೇಳದಿದ್ರೆ ನೀನೇ ದಿನಾ ಬೈಕೋತೀಯ. ತಿಂದ್ಕೊಂಡು ಹೋಗು, ಖಾಲಿ ಹೊಟ್ಟೇಲಿ ಬೈಗುಳ ಜೀರ್ಣ ಆಗಲ್ಲ."

ಮೇಷ್ಟ್ರು ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಗಾಜನ್ನು ಕರವಸ್ತ್ರದಿಂದ ಒರೆಸುತ್ತಿದ್ದರು. ಅವಳು ಪುಸ್ತಕವನ್ನು ಅವರ ಮುಂದಿಟ್ಟಳು.

"ಸರ್, ಮೊದಲ ಇಪ್ಪತ್ತೆರಡು ಪುಟ ನಾನು ಅಳಿಸಿಬಿಟ್ಟೆ. ಬೇಕಂತ ಅಲ್ಲ. ನೀವು ಬರೆಯಲ್ಲ ಅಂದಿದ್ರಿ, ಅದಕ್ಕೆ ನಾನು..."

ಮೇಷ್ಟ್ರು ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಒಂದೊಂದೇ ಹಾಳೆ ತಿರುವಿದರು.

"ಅಂದಿದ್ದೆ," ಎಂದರು ಕೊನೆಗೆ. "ಓದ್ತಾ ಓದ್ತಾ ಸಿಟ್ಟು ಬಂತು. ಸಿಟ್ಟು ಬಂದ್ರೆ ಪಾಠ ಮಾಡದೆ ಇರೋಕೆ ನನ್ನ ಕೈಲಾಗಲ್ಲ. ರಜೆ ಪೂರ್ತಿ ಕೂತು ಬರೆದೆ."

ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಮುಂದಿನ ವಾರ ಕಣ್ಣಿನ ಆಪರೇಷನ್. ಅದರೊಳಗೆ ಮುಗಿಸಬೇಕು ಅಂತಲೇ ಬರೆದಿದ್ದೆ. ಇನ್ನೊಂದು ಸಲ ನನ್ನಿಂದಾಗಲ್ಲಮ್ಮ." ಅವರು ಪುಸ್ತಕ ಮುಚ್ಚಿ ಮೆಲ್ಲಗೆ ಅವಳತ್ತ ಸರಿಸಿದರು.

ಅವಳು ಅದನ್ನು ಎತ್ತಿಕೊಳ್ಳಲಿಲ್ಲ. "ನೀವು ಹೇಳಿ ಸರ್. ನಾನು ಬರೀತೀನಿ."

"ಎಲ್ಲಿ?"

"ಇಲ್ಲೇ. ಅಂಚಲ್ಲೇ."

"ನೀವಾ? ಪುಸ್ತಕದಲ್ಲಾ?" ಅವರ ಮೀಸೆ ಸ್ವಲ್ಪ ಅಲುಗಿತು. "ಹಾಗಾದ್ರೆ ಪೆನ್ಸಿಲ್ ಬೇಡ, ಪೆನ್ ತಗೊಳ್ಳಿ. ನಿಮ್ಮ ಕೈ ನಂಬೋ ಹಾಗಿಲ್ಲ."

ಪೆನ್ನಿನ ಮೊನೆ ಕಾಗದದಿಂದ ಒಂದು ಬೆರಳು ಮೇಲೆ ನಿಂತುಬಿಟ್ಟಿತು. ಮೇಷ್ಟ್ರು ಅವಸರ ಮಾಡಲಿಲ್ಲ. ತರಗತಿಯ ದನಿಯಲ್ಲಿ, ನಿಧಾನವಾಗಿ ಹೇಳಿದರು: "ಮಕ್ಕಳೇ, ಪುಸ್ತಕದಿಂದ ತಲೆಯೆತ್ತಿ. ಕಿಟಕಿಯಾಚೆ ಏನಿದೆ ನೋಡಿ." ಅವಳು ಬರೆದಳು. ಬರೆದು, ಬಿದ್ದ ಮಗುವಿನ ಮಂಡಿಗೆ ಊದುವ ಹಾಗೆ ಆ ನೀಲಿ ಅಕ್ಷರಗಳ ಮೇಲೆ ಊದಿದಳು.

ಆಮೇಲೆ ಕೈ ಸಲೀಸಾಯಿತು. ಮರೆತದ್ದನ್ನು ಮೇಷ್ಟ್ರು ಹೊಸದಾಗಿ ಹೇಳಿದರು. ಕೆಲವು ಕಡೆ, "ಇದು ಮುಂಚಿಗಿಂತ ಚೆನ್ನಾಗಿದೆ, ಆದ್ರೆ ನಿಮಗೆ ಹೇಳಲ್ಲ" ಎಂದರು. ನಡುವೆ ಬಾಗಿಲಲ್ಲಿ ಇಣುಕಿದ ಗಣಿತದವರು ರಬ್ಬರಮ್ಮ ಪುಸ್ತಕದಲ್ಲಿ ಬರೆಯುವುದನ್ನು ಕಂಡು, ಏನೋ ಹೇಳಲು ಬಾಯಿ ತೆರೆದವರು ಹಾಗೆಯೇ ಒಳಗೆ ಬಂದು ಸ್ಟೂಲಿನ ಮೇಲೆ ಕೂತರು.

ಇಪ್ಪತ್ತೆರಡನೆಯ ಪುಟಕ್ಕೆ ಬರುವಾಗ ಬಿಸಿಲು ಮೇಜಿನಿಂದ ಇಳಿದಿತ್ತು. ಮೇಷ್ಟ್ರು ತಡವರಿಸಿದರು.

"ಇಲ್ಲಿ ಟ್ಯಾಂಕಿನ ಹಿಂದಿನ ಜರಿಗಿಡದ ಚಿತ್ರ ಬರೆದಿದ್ದೆ. ಎಲೆಯ ಹಿಂಬದಿಯಲ್ಲಿ ಕಂದು ಚುಕ್ಕಿಗಳಿವೆಯಲ್ಲ, ಅವು ಒಂದು ಸಾಲಾ, ಎರಡು ಸಾಲಾ? ನೆನಪಿಗೆ ಬರ್ತಿಲ್ಲ. ಹೋಗಿ ನೋಡಿದ್ರೂ ಈ ಕಣ್ಣಿಗೆ ಕಾಣಲ್ಲ."

ಅವಳು ಆಗಲೇ ಎದ್ದಿದ್ದಳು. ಪೆನ್ನನ್ನು ಮುಡಿಗೆ ಸಿಕ್ಕಿಸಿಕೊಂಡು ಬಾಗಿಲ ಕಡೆ ಹೊರಟೇಬಿಟ್ಟಳು.

"ನಾನು ನೋಡ್ಕೊಂಡು ಬರ್ತೀನಿ ಸರ್. ನೀವು ಅಷ್ಟರಲ್ಲಿ ಪುಸ್ತಕ ಮಾತ್ರ ಮುಚ್ಚಬೇಡಿ, ಶಾಯಿ ಇನ್ನೂ ಆರಿಲ್ಲ."